ಬೆರಕೆ ಸೊಪ್ಪೂ ಎದೆಯ ಕದವೂ

ಸಿರಾ ಕಡೆಯಿಂದ ಮಧುಗಿರಿಗೆ ಬರುವ ಎಂಟೂವರೆ ಬಸ್ಸಿನ ಕಂಡಕ್ಟರು ನನ್ನನ್ನು ಸೊಪ್ಪಿನ ಮೇಷ್ಟ್ರು ಅನ್ನುತ್ತಾನೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಾನು ಸಂಪಾದಿಸಿದ ಬಿರುದು ಅದೊಂದೇ. ನನ್ನಕ್ಕ ಇರುವುದು ಗೌಡಗೆರೆ ಹತ್ತಿರದ ಹಳ್ಳಿಯಲ್ಲಿ. ನಾಲ್ಕು ಹನಿ ಮಳೆ ಬಿದ್ದು ಕಡ್ಲೆಕಾಯಿ ಹೊಲದಲ್ಲಿ ಕಳೆ ತಲೆಯೆತ್ತಿತೆಂದರೆ ಸಾಕು, ಬಟ್ಟೆ ಚೀಲವೊಂದಕ್ಕೆ ಬೆರಕೆ ಸೊಪ್ಪು ಒತ್ತೊತ್ತಿ ತುಂಬಿ, ಬಾಯಿಗೆ ಹಳೇ ಸೀರೆಯ ಅಂಚು ಕಟ್ಟಿ, ಡ್ರೈವರ್ ಸೀಟಿನ ಹಿಂದೆ ಇಡಿಸಿಬಿಡುತ್ತಾಳೆ. ಅಣ್ಣೆ, ಗೋಣಿ, ಕೊಮ್ಮೆ, ಹೊನಗೊನೆ, ಕೀರೆ, ಹೀಗೆ ಬೇರೆಯವರು ಕಿತ್ತು ಬದುವಿಗೆ ಎಸೆಯುವುದೆಲ್ಲ ಆ ಚೀಲದಲ್ಲಿರುತ್ತದೆ. ಚೀಲ ನನ್ನ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಫೋನೂ ಬರುತ್ತದೆ. ಬಂತಾ ಅನ್ನುತ್ತಾಳೆ, ಬಂತು ಅನ್ನುತ್ತೇನೆ. ಇವತ್ತೇ ಮಾಡಿಸ್ಕೊ, ಬಾಡೋಯ್ತದೆ ಅನ್ನುತ್ತಾಳೆ, ಹೂಂ ಅನ್ನುತ್ತೇನೆ.

ಆ ಹೂಂ ಬಹಳ ಕಾಲ ಬರೀ ಸುಳ್ಳಾಗಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಹಾಲು ಮಾರುವವರ ಮನೆಯಿದೆ. ಚೀಲ ನೇರ ಅಲ್ಲಿಗೆ ಹೋಗುತ್ತಿತ್ತು. ಅವರು ಅರ್ಧ ಅಡುಗೆಗೆ ಇಟ್ಟುಕೊಂಡು ಅರ್ಧ ಎಮ್ಮೆಗೆ ಹಾಕುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಆ ಎಮ್ಮೆಯ ರಕ್ತನಾಳದಷ್ಟು ಆರೋಗ್ಯವಾದ ರಕ್ತನಾಳ ಇನ್ನೊಂದಿರಲಿಲ್ಲ ಅಂತ ನನ್ನ ನಂಬಿಕೆ. ಸೊಪ್ಪು ಕೊಟ್ಟು ಖಾಲಿ ಚೀಲ ಮಡಚಿಕೊಂಡು ಮನೆಗೆ ಬರುವಾಗ ಮಾತ್ರ ಬೀದಿಯ ಕೊನೆಯಲ್ಲಿ ನಿಂತ ಬೆಟ್ಟದ ಬಂಡೆ, ನೋಡಿದೆ ಕಣಯ್ಯ ಅಂದಂತೆ ಅನಿಸುತ್ತಿತ್ತು. ನಮ್ಮೂರಿನಲ್ಲಿ ಯಾವ ಬೀದಿಗೆ ತಿರುಗಿದರೂ ಕೊನೆಗೆ ಆ ಬಂಡೆಯೇ ಎದುರಾಗುತ್ತದೆ. ಮುಂದೆ ದಾರಿಯಿಲ್ಲ ಅಂತ ದಿನಾ ನೆನಪಿಸುವ ಊರು.

ಸೊಪ್ಪು ತಿನ್ನದಿರಲು ಕಾರಣ ನನ್ನ ಎದೆಯೊಳಗಿದೆ. ಚಿಕ್ಕವನಿದ್ದಾಗ ನನಗೆ ಕೀಲುನೋವಿನ ಜ್ವರ ಬಂದಿತ್ತು. ಮೊಣಕಾಲು ಊದಿ ನಡೆಯಲಾಗದೆ ಬಿದ್ದಿದ್ದೆ. ಅವ್ವ ಕೂಲಿಗೆ ಹೋಗುತ್ತಿದ್ದಳು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳೇ ನನ್ನನ್ನು ಸೊಂಟದ ಮೇಲೆ ಹೊತ್ತು ಬದು ಬದು ತಿರುಗಿ ಸೊಪ್ಪು ಕಿತ್ತು, ಉಪ್ಸಾರು ಕಾಸಿ, ಮುದ್ದೆ ಅದ್ದಿ ಬಾಯಿಗೆ ತುರುಕುತ್ತಿದ್ದಳು. ಜ್ವರ ಹೋಯಿತು. ಸೊಪ್ಪಿನಿಂದಲೇ ಹೋಯಿತು ಅಂತ ಅವಳು ಇವತ್ತಿಗೂ ನಂಬಿದ್ದಾಳೆ. ಆದರೆ ಜ್ವರ ಹೋಗುವಾಗ ಎದೆಯ ಕದವೊಂದರ, ಅಂದರೆ ಹೃದಯದ ಕವಾಟವೊಂದರ, ತಿರುಗಣಿ ಕೆಡಿಸಿ ಹೋಗಿತ್ತು. ಅದು ನನಗೆ ಗೊತ್ತಾದದ್ದು ನಲವತ್ತೈದು ದಾಟಿದ ಮೇಲೆ, ಸ್ಕೂಲಿನ ಮೆಟ್ಟಿಲು ಹತ್ತಿ ಹೋಗಿ ಹಾಜರಿ ಕೂಗಲು ಉಸಿರಿಲ್ಲದೆ ನಿಂತಾಗ. ಬೆಂಗಳೂರಿನಲ್ಲಿ ಎದೆ ತೆರೆದು ಹಳೇ ಕದ ತೆಗೆದು ಲೋಹದ ಕದ ಕೂರಿಸಿದರು.

ಈ ಕದ ಸದ್ದು ಮಾಡುತ್ತದೆ. ಮುಚ್ಚಿದಾಗಲೆಲ್ಲ ಟಿಕ್ ಅನ್ನುತ್ತದೆ. ಗದ್ದಲದಲ್ಲಿ ಕೇಳುವುದಿಲ್ಲ, ನಾಲ್ಕು ಗೋಡೆ ನಡುವೆ ಸುಮ್ಮನೆ ಕೂತರೆ ಪಕ್ಕದವರಿಗೂ ಕೇಳುತ್ತದೆ. ಪರೀಕ್ಷೆ ಹಾಲಿನಲ್ಲಿ ನಾನು ಮೇಲ್ವಿಚಾರಣೆಗೆ ನಿಂತರೆ ಮಕ್ಕಳು ತಲೆಯೆತ್ತಿ ಗೋಡೆ ಗಡಿಯಾರ ಹುಡುಕುತ್ತವೆ. ನನ್ನ ಹೆಂಡತಿ ಮಲಗುವ ಕೋಣೆಯ ಗಡಿಯಾರದಿಂದ ಸೆಲ್ ತೆಗೆದುಬಿಟ್ಟಳು. ಒಂದು ರೂಮಿಗೆ ಒಂದು ಸಾಕು ರೀ ಅಂದಳು. ಅವಳಿಗೆ ತಮಾಷೆ. ನನಗೆ ಆ ಸದ್ದೇ ಜೈಲಿನ ಕಾವಲುಗಾರನ ಬೂಟಿನ ಸದ್ದಿನಂತೆ. ನಾನು ಎಲ್ಲಿ ಹೋದರೂ ನನ್ನೊಳಗೇ ಓಡಾಡುತ್ತಾ ಇರುತ್ತದೆ.

ಲೋಹ ಮುಟ್ಟಿದ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪುಗಟ್ಟಿದರೆ ಕದ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಚೂರು ಹಾರಿ ಮಿದುಳಿಗೆ ಹೋಗುತ್ತದೆ. ಅದಕ್ಕೇ ಬದುಕಿರುವಷ್ಟು ದಿನವೂ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ತೀರಾ ತೆಳುವಾದರೆ ಇನ್ನೊಂದು ತೊಂದರೆ: ಹಲ್ಲುಜ್ಜಿದರೆ ರಕ್ತ, ಗಡ್ಡ ಕೆರೆದರೆ ರಕ್ತ, ಎಡವಿ ತಲೆ ತಗುಲಿದರೆ ಒಳಗೇ ರಕ್ತ. ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಒಂದು ಅಂಕಿ ಬರುತ್ತದೆ. ಅದು ಎರಡೂವರೆಗೂ ಮೂರೂವರೆಗೂ ನಡುವೆ ನಿಲ್ಲಬೇಕು. ಅದರ ಮೇಲೆ ಮಧುಗಿರಿಯ ನಮ್ಮ ಡಾಕ್ಟರು ಮಾತ್ರೆ ಅರ್ಧ ಏರಿಸುತ್ತಾರೆ, ಅರ್ಧ ಇಳಿಸುತ್ತಾರೆ. ಆ ಕಡೆ ಸರಿದರೆ ಸೋರುವುದು, ಈ ಕಡೆ ಸರಿದರೆ ಕಟ್ಟುವುದು. ಹುಟ್ಟಿದಾಗಿನಿಂದ ಗ್ಯಾಸ್ ಆಫ್ ಮಾಡಿದೆನಾ ಅಂತ ಮೂರು ಸಲ ಹಿಂದಿರುಗಿ ನೋಡುವ ನನ್ನಂಥವನಿಗೆ ದೇವರು ಕೊಟ್ಟ ಓಣಿ ಇಷ್ಟಗಲ.

ಈ ಓಣಿಯ ನಡುವೆಯೇ ಸೊಪ್ಪು ಬೆಳೆದಿದೆ. ಹಸಿರೆಲೆಯಲ್ಲಿ ವಿಟಮಿನ್ ಕೆ ಅಂತ ಒಂದು ಇರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದದ್ದು ಅದೇ, ಮಾತ್ರೆ ತಡೆಯುವುದೂ ಅದರ ಕೆಲಸವನ್ನೇ. ಸೊಪ್ಪು ಜಾಸ್ತಿಯಾದರೆ ಮಾತ್ರೆ ಸೋಲುತ್ತದೆ. ಹಾಗಂತ ಬೆಂಗಳೂರಿನವರು ನನಗೆ ಸೊಪ್ಪು ಬಿಡಿ ಅಂದಿರಲಿಲ್ಲ. ಡಿಸ್ಚಾರ್ಜಿನ ದಿನ, ಸೊಪ್ಪು ತಿನ್ನಿ ಆದರೆ ದಿನಾ ಒಂದೇ ಸಮ ತಿನ್ನಿ, ಒಂದು ದಿನ ಬುಟ್ಟಿ ಒಂದು ದಿನ ಉಪವಾಸ ಮಾಡಬೇಡಿ ಅಂದಿದ್ದರು. ನಾನು ಕಾರಿನಲ್ಲಿ ತುಮಕೂರು ಮುಟ್ಟುವಷ್ಟರಲ್ಲಿ ಅದನ್ನು ಅರೆದು ನನ್ನದೇ ಸೂತ್ರ ತೆಗೆದಿದ್ದೆ. ದಿನಾ ಒಂದೇ ಸಮ ಅಂದರೆ ದಿನಾ ಸೊನ್ನೆ ತಿಂದರೂ ಒಂದೇ ಸಮ ತಾನೆ? ಅಳೆಯುವ ತಾಪತ್ರಯವಿಲ್ಲ, ತಪ್ಪುವ ಭಯವಿಲ್ಲ. ಹೆಂಡತಿಗೆ ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ನಿಮಗೆ ಹೆಂಗೆ ನೆಮ್ಮದಿಯೋ ಹಂಗೆ ಮಾಡಿ ಅಂದಳು. ಅವತ್ತಿನಿಂದ ನಮ್ಮ ಮನೆಗೆ ಕೊತ್ತಂಬರಿ ಕೂಡ ಕದ್ದು ಬರಬೇಕಾಯಿತು.

ಬೇಳೆ ಸಾರು, ಆಲೂಗೆಡ್ಡೆ, ಸೋರೆಕಾಯಿ, ಮತ್ತೆ ಬೇಳೆ ಸಾರು. ಹೀಗೆ ತಿಂದುಕೊಂಡೇ ಸ್ಕೂಲಿಗೆ ಹೋಗಿ, ಎಂಟನೇ ಕ್ಲಾಸಿಗೆ ಹಸಿರು ಸೊಪ್ಪು ತರಕಾರಿಯ ಮಹತ್ವ ಪಾಠ ಮಾಡುತ್ತಿದ್ದೆ. ನಾನು ಆ ಪಾಠವನ್ನು ಅರೆಮನಸ್ಸಿನಿಂದ ಮಾಡಿದವನಲ್ಲ. ಸೊಪ್ಪಿನೊಳಗಿನ ನೈಟ್ರೇಟು ಹೊಟ್ಟೆ ಸೇರಿ ರೂಪ ಬದಲಿಸಿ ರಕ್ತನಾಳದ ಬಿಗಿ ಹೇಗೆ ಸಡಿಲಿಸುತ್ತದೆ, ಕೆಂಪು ದಂಟಿನ ಬಣ್ಣ, ರಾಗಿಯ ಸಿಪ್ಪೆಯ ಒಗರು, ಕಡ್ಲೆಬೀಜದ ಮೇಲಿನ ಕೆಂಪು ಪೊರೆ, ಇವೆಲ್ಲ ನಾಳದ ಒಳಗೋಡೆಗೆ ಹೇಗೆ ಒಳ್ಳೆಯದು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ನಿಮ್ಮ ಹಿತ್ತಲಲ್ಲಿ ಪುಕ್ಕಟೆ ಬೆಳೆಯೋದನ್ನ ಬಿಟ್ಟು ಅಂಗಡಿಯಲ್ಲಿ ಪ್ಯಾಕೆಟ್ಟು ಕೊಳ್ತೀರಲ್ಲೋ ಅಂತ ಬೈಯುತ್ತಿದ್ದೆ. ಒಂದು ಸಲ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ನೀವು ಯಾವ್ಯಾವ ಸೊಪ್ಪು ತಿಂತೀರಾ ಸಾ ಅಂದಳು. ಬೆಲ್ಲು ಹೊಡೆದು ನನ್ನನ್ನು ಕಾಪಾಡಿತು.

ಸ್ಟಾಫ್ ರೂಮಿನಲ್ಲಿ ಮಾತ್ರ ಯಾವ ಬೆಲ್ಲೂ ನನ್ನನ್ನು ಕಾಪಾಡುತ್ತಿರಲಿಲ್ಲ. ಹೃದಯದ ಆಪರೇಷನ್ ಆದವನೆಂದರೆ ಊರಿಗೆಲ್ಲ ಮದ್ದು ಹೇಳುವ ಹಕ್ಕು ಬರುತ್ತದೆ. ಬೆಳ್ಳುಳ್ಳಿ ಸುಟ್ಟು ತಿನ್ನಿ ಅಂದರು, ಹುರುಳಿ ಕಟ್ಟು ಕುಡಿಯಿರಿ ಅಂದರು, ನುಗ್ಗೆಸೊಪ್ಪಿನ ಪುಡಿ ಅಂದರು. ಪಾವಗಡದ ಕಡೆಯಿಂದ ಬಂದ ಡ್ರಿಲ್ ಮೇಷ್ಟ್ರು ಒಂದು ದಿನ ಕಾಗದದಲ್ಲಿ ಸುತ್ತಿದ ಮರದ ತೊಗಟೆ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಇದು ತೆಲ್ಲಮದ್ದಿ ಚೆಕ್ಕ ಸಾರ್, ಮಾ ತಾತ ದಿನಾ ಕಷಾಯ ಕುಡಿದು ತೊಂಬತ್ತರವರೆಗೆ ಹೊಲ ಉಳುತ್ತಿದ್ದ ಅಂದರು. ಬಿಳಿ ಮತ್ತಿಯ ತೊಗಟೆ ಅದು. ನನ್ನ ಮಾತ್ರೆಗೂ ಅದಕ್ಕೂ ಹೊಂದುತ್ತದೋ ಇಲ್ಲವೋ ಯಾರಿಗೆ ಗೊತ್ತು ಅಂತ ನಾನು ಕೈಮುಗಿದೆ. ಅವರಿಗೆ ಬೇಸರವಾಯಿತು. ಅವರ ಹೊಲದಲ್ಲೀಗ ಸೋಲಾರ್ ಪ್ಲೇಟು ನಿಂತಿದೆ, ಮರ ಉಳಿದಿರುವುದು ಬದುವಿನಾಚೆ ಒಂದೇ ಅಂತೆ, ಅದರಿಂದ ಕೆತ್ತಿ ತಂದಿದ್ದರು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದನ್ನೆಲ್ಲ ಬೇಡ ಅನ್ನುತ್ತಾ ಅನ್ನುತ್ತಾ ನಾನು ಕ್ರಮೇಣ ಒಂದು ಸಿಡುಕು ಪ್ರಾಣಿಯಾದೆ.

ಆದರೆ ಅಕ್ಕನಿಗೆ ಬೇಡ ಅನ್ನಲು ನನ್ನಿಂದ ಆಗಲಿಲ್ಲ. ನಮ್ಮ ಕಡೆ ಊಟಕ್ಕೆ ಕೂತವನಿಗೆ ಒಂದೇ ಸಲ ಬಡಿಸಿ ಸುಮ್ಮನಾಗುವುದು ಅಂದರೆ ಎದ್ದು ಹೋಗು ಅಂದಂತೆ. ಸಾಕು ಅಂತ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು, ಬಡಿಸುವವಳು ಬೆರಳ ಸಂದಿಯಲ್ಲೇ ಸುರಿಯಬೇಕು, ಅದು ಮರ್ಯಾದೆ. ಅದರಲ್ಲಿ ಅಕ್ಕ ಗಟ್ಟಿಗಿತ್ತಿ. ಮಸ್ಸೊಪ್ಪಿನ ಸೌಟು ಎರಡನೇ ಸಲ ಬಂದೇ ಬರುತ್ತದೆ, ಮೂರನೆಯದು ಮಾತಾಡುತ್ತಿರುವಾಗ ಗೊತ್ತಿಲ್ಲದೆ ಬರುತ್ತದೆ. ಸಾಯುತ್ತಿದ್ದವನನ್ನು ಸೊಪ್ಪಿಕ್ಕಿ ಬದುಕಿಸಿದೆ ಅಂತ ನಂಬಿರುವವಳ ಎದುರು ಸೊಪ್ಪು ವಿಷ ಕಣಕ್ಕ ಅನ್ನುವುದು ಹೇಗೆ? ಹೆಂಡತಿ ಒಂದು ದಾರಿ ಹುಡುಕಿದಳು. ತಿಂಗಳ ಟೆಸ್ಟು ಶನಿವಾರ ಮುಗಿಸಿಬಿಡಿ, ಮಾರನೇ ದಿನ ಅಕ್ಕನ ಮನೆಗೆ ಹೋಗಿ ಒಂದು ಹೊತ್ತು ಉಂಡು ಬನ್ನಿ, ಇನ್ನು ಮುಂದಿನ ಟೆಸ್ಟಿಗೆ ಒಂದು ತಿಂಗಳಿದೆಯಲ್ಲ ಅಂದಳು. ನನಗೆ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಸರ್ಕಾರಿ ಸ್ಕೂಲಿನಲ್ಲಿ ಇದ್ದವರಿಗೆ ಇದು ತಾನಾಗಿ ಹೊಳೆಯುವ ದಾರಿ. ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹಿಂದಿನ ದಿನ ಅಂಗಳ ಗುಡಿಸಿ, ನೀರು ಚಿಮುಕಿಸಿ, ಭೂಪಟ ನೇತುಹಾಕಿ, ಚೆನ್ನಾಗಿ ಓದುವ ಮಕ್ಕಳನ್ನು ಮುಂದೆ ಕೂರಿಸುತ್ತೇವೆ. ಸಾಹೇಬರು ಸಂತೋಷದಿಂದ ಸಹಿ ಹಾಕಿ ಹೋಗುತ್ತಾರೆ. ಜೀಪು ಗೇಟು ದಾಟಿದ ಮೇಲೆ ಭೂಪಟ ಮತ್ತೆ ಬೀರು ಸೇರುತ್ತದೆ. ಯಾರಿಗೂ ಮೋಸ ಮಾಡಿದೆವು ಅನಿಸುವುದಿಲ್ಲ. ಬಂದವರಿಗೆ ಬೇಜಾರಾಗದಿರಲಿ ಅಂತ ಅಷ್ಟೇ. ನಾನು ನನ್ನ ರಕ್ತವನ್ನೂ ಹಾಗೇ ಗುಡಿಸಿ ನೀರು ಚಿಮುಕಿಸಿ ಡಾಕ್ಟರ ಮುಂದೆ ಕೂರಿಸುತ್ತಿದ್ದೆ.

ಮಳೆ ಸರಿಯಾಗಿ ಬಾರದ ವರ್ಷಗಳಲ್ಲಿ ಇದರಿಂದ ಏನೂ ಆಗಲಿಲ್ಲ. ಅಕ್ಕನ ಹೊಲದಲ್ಲಿ ಸೊಪ್ಪೂ ಅಷ್ಟಿಲ್ಲ, ಚೀಲವೂ ಅಪರೂಪ. ತಿಂಗಳಿಗೊಂದು ಊಟವನ್ನು ಮಾತ್ರೆ ತಡೆದುಕೊಂಡಿತು. ಆಮೇಲೆ ಒಂದು ವರ್ಷ ಮುಂಗಾರು ಹಿಡಿಯಿತು ನೋಡಿ, ಬುಕ್ಕಾಪಟ್ಟಣದ ಕುರುಚಲು ಕಾಡು ಕೂಡ ಹಸಿರಾಯಿತು. ಅದೇ ಸಮಯಕ್ಕೆ ಕೊರಟಗೆರೆಯಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಹೆಂಡತಿ ಅವರನ್ನು ನೋಡಿಕೊಳ್ಳಲು ಹೋದವಳು ಎರಡು ತಿಂಗಳು ಅಲ್ಲೇ ಉಳಿಯಬೇಕಾಯಿತು. ಹೋಗುವಾಗ ಮಾತ್ರೆ ಡಬ್ಬಿ ತೋರಿಸಿ, ಬೇಳೆ ಡಬ್ಬಿ ತೋರಿಸಿ, ನನ್ನನ್ನೂ ಒಂದು ಸಲ ನೋಡಿ ಹೋದಳು.

ಚೀಲ ವಾರಕ್ಕೆ ಎರಡು ಸಲ ಬರತೊಡಗಿತು. ಮೊದಲನೆಯದು ಎಮ್ಮೆಗೆ ಹೋಯಿತು. ಎರಡನೆಯದು ಬಂದ ದಿನ ಮಳೆ. ಖಾಲಿ ಮನೆ. ಚೀಲದ ಬಾಯಿ ಬಿಚ್ಚಿದೆ ಅಷ್ಟೇ. ಹಸಿ ಮಣ್ಣಿನ, ಗಣಿಕೆ ಎಲೆಯ ಆ ವಾಸನೆ ಮೂಗಿಗೆ ಬಿದ್ದಾಗ ಬಾಯಲ್ಲಿ ನೀರಲ್ಲ, ಕಣ್ಣಲ್ಲೇ ನೀರು ಬಂತು. ಎಷ್ಟು ದಿನದಿಂದ ಬೇಳೆ ತಿಂದಿದ್ದೆನೋ. ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಗುಂಡಗಾಗದ ಮುದ್ದೆ ಕಟ್ಟಿಕೊಂಡು ಪಾತ್ರೆಯಿಂದಲೇ ತಿಂದೆ. ಮಾರನೇ ದಿನವೂ ತಿಂದೆ. ಟೆಸ್ಟಿಗೆ ಐದು ದಿನ ಇದೆ ಅನ್ನುವಾಗ ನಿಲ್ಲಿಸಿ, ಅನ್ನ ತಿಳಿಸಾರು ಮಾತ್ರ ಉಂಡೆ. ತಪಾಸಣೆಯ ತಯಾರಿ.

ಐದು ದಿನ ಬರೀ ತಿಳಿಸಾರು ಉಂಡದ್ದಕ್ಕೆ ಅಂಕಿ ಮೇಲೆ ಹೋಗಿತ್ತು. ರಕ್ತ ಬೇಕಾದ್ದಕ್ಕಿಂತ ತೆಳು. ಊಟದಲ್ಲಿ ಏನಾದರೂ ಹೆಚ್ಚುಕಡಿಮೆ ಆಯಿತೇ ಅಂತ ಡಾಕ್ಟರು ಕೇಳಿದರು. ಏನಿಲ್ಲ ಸರ್, ಅದೇ ಊಟ ಅಂದೆ, ಹೋಂವರ್ಕ್ ಮನೇಲಿದೆ ಸಾ ಅನ್ನುವ ಹುಡುಗನ ಹಾಗೆ. ಅವರು ಮಾತ್ರೆ ಅರ್ಧ ಇಳಿಸಿದರು. ಎರಡು ವಾರಕ್ಕೆ ಮತ್ತೊಮ್ಮೆ ಬನ್ನಿ ಅಂದರು. ಆಗಲಿ ಅಂದು, ಬರುವ ದಾರಿಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಚೀಲ ತೆಗೆದುಕೊಂಡು ಮನೆಗೆ ಬಂದೆ. ಎರಡು ವಾರಕ್ಕೆ ಹೋಗಲಿಲ್ಲ. ಹೋಗುವುದಾದರೆ ಐದು ದಿನ ಮುಂಚೆ ಸೊಪ್ಪು ಬಿಡಬೇಕಿತ್ತಲ್ಲ.

ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ಮನೆ ತುಂಬಾ ಪ್ರಶಾಂತವಾಗಿತ್ತು. ಬಹಳ ಹೊತ್ತು ಕಾರಣ ತಿಳಿಯಲಿಲ್ಲ. ಕಾಫಿ ಲೋಟ ಹಿಡಿದು ಕಿಟಕಿ ಮುಂದೆ ಕೂತಾಗ ಗೊತ್ತಾಯಿತು, ಎದೆಯ ಟಿಕ್ಕು ಕೇಳುತ್ತಿಲ್ಲ. ಕಿವಿಗೊಟ್ಟರೆ ದೂರದಲ್ಲಿ ಎಲ್ಲೋ ಮೆತ್ತಗೆ ಇತ್ತು. ಇದನ್ನು ಬರೆಯಲು ನನಗೆ ನಾಚಿಕೆ: ನನಗೆ ಸಂತೋಷವಾಯಿತು. ಊರಿನಲ್ಲಿ ನಡೆಯದ ವಿಷಯಕ್ಕೆಲ್ಲ ನಿದ್ದೆಗೆಡುವ ನಾನು, ನಿಜವಾಗಿ ಹೆದರಬೇಕಾದ ದಿನ ಹಾಡು ಗುನುಗುತ್ತಾ ಸ್ನಾನ ಮಾಡಿದೆ. ದೇಹ ಕದಕ್ಕೆ ಹೊಂದಿಕೊಂಡಿತು, ಕಾವಲುಗಾರ ರಜೆ ಹಾಕಿದ ಅಂದುಕೊಂಡೆ. ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬಂತು. ಮಳೆಗಾಲದ ಕಫ ಇರಬೇಕು ಅಂದುಕೊಂಡೆ. ನಾಲ್ಕೈದು ದಿನ ಹೀಗೇ ಕಳೆಯಿತು.

ಭಾನುವಾರ ಅಕ್ಕನ ಮನೆಗೆ ಹೋದೆ. ಬಸ್ಸಿಳಿದು ಅವಳ ಮನೆ ತಲುಪುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಿದ್ದೆ. ಜಗುಲಿ ಮೇಲೆ ಕೂತೆ. ಅಕ್ಕ ಮೊರದಲ್ಲಿ ಸೊಪ್ಪು ಹಾಕಿಕೊಂಡು ಪಕ್ಕದಲ್ಲೇ ಕೂತು ಸೋಸುತ್ತಿದ್ದಳು. ಅತ್ತೆಯ ಸೊಂಟದ ವಿಚಾರ ಕೇಳಿದಳು, ಹೇಳಿದೆ. ಆಮೇಲೆ ಮಾತು ನಿಂತಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಅಕ್ಕ ಎಲೆ ಹಿಡಿದ ಕೈಯನ್ನು ಹಾಗೇ ತಡೆದು ನನ್ನ ಕಡೆ ತಿರುಗಿದಳು.

"ಲೇ, ಎಲ್ಲೋಯ್ತಲಾ ನಿನ್ ಗಡಿಯಾರ?"

"ಯಾವ್ದು?"

"ಎದೇಲಿರಾದು ಕಣ್ಲಾ. ಟಿಕ್ಕನ್ತಾನೇ ಇಲ್ವಲ್ಲ."

"ಈಗ ಅಡ್ಜಸ್ಟ್ ಆಗೈತೆ ಕಣಕ್ಕ. ಸುಮ್ನಾಗೈತೆ."

"ಸುಮ್ನಾಗಕ್ಕೆ ಅದೇನ್ ಹಸುಗೂಸಾ? ಬಾ ಇಲ್ಲಿ."

ಮೊರ ಆಚೆ ತಳ್ಳಿ ನನ್ನ ಅಂಗಿಯ ಮೇಲೆ ಕಿವಿಯಿಟ್ಟಳು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೂ ಹೀಗೇ ಇಡುತ್ತಿದ್ದಳು. ಅವಳ ತಲೆಯಲ್ಲಿ ಹರಳೆಣ್ಣೆಯ ವಾಸನೆ, ಕೈಯಲ್ಲಿ ಸೊಪ್ಪಿನ ವಾಸನೆ. ನಾನು ನಗಲು ನೋಡಿದೆ. ಅವಳು ತಲೆಯೆತ್ತಿದಾಗ ಮುಖದಲ್ಲಿ ನಗು ಇರಲಿಲ್ಲ.

"ಬಟ್ಟೆ ಸುತ್ತಿಟ್ಟಂಗ್ ಗೊಣಗ್ತೈತೆ. ನಡೀ ಏಳು."

ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಎದುರು ಮನೆಯವರ ಕಾರು ಕೇಳಲು ಬರಿಗಾಲಲ್ಲಿ ಹೋಗಿದ್ದಳು. ಸಿರಾದಲ್ಲಿ ಒಬ್ಬ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ದಾರಿಯುದ್ದಕ್ಕೂ ಅಕ್ಕ ನನ್ನ ಪಕ್ಕ ಕೂತು ಅಂಗೈಯನ್ನು ನನ್ನ ಎದೆಯ ಮೇಲಿಟ್ಟುಕೊಂಡಿದ್ದಳು, ಒಲೆ ಮೇಲಿನ ಹಾಲು ಉಕ್ಕದಿರಲಿ ಅನ್ನುವ ಹಾಗೆ. ನನಗೆ ಕೊನೆಗೂ ಹೆದರಿಕೆ ಬಂತು. ಕಾರಿನ ಬಾಗಿಲು, ಅಕ್ಕನ ಕೈ, ಸೀಟಿನ ಬೆಲ್ಟು, ಎಲ್ಲವೂ ಒತ್ತುತ್ತಿದ್ದವು. ಹೊರಗೆ ಊರುಗಳು ಹಿಂದಕ್ಕೆ ಓಡುತ್ತಿದ್ದವು. ನಾನು ಮಾತ್ರ ನನ್ನೊಳಗೆ ಸಿಕ್ಕಿಕೊಂಡಿದ್ದೆ. ಆ ಟಿಕ್ಕು ಒಂದು ಸಲ ಕೇಳಿದರೆ ಸಾಕಪ್ಪ ಅಂತ ಬೇಡಿಕೊಂಡೆ.

ಕದದ ಒಂದು ರೆಕ್ಕೆಗೆ ಹೆಪ್ಪು ಕಟ್ಟಿತ್ತು. ಅರ್ಧ ತೆರೆದು ಅರ್ಧ ನಿಲ್ಲುತ್ತಿತ್ತು. ಕರಗಿಸುವ ಔಷಧಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಕರಗದಿದ್ದರೆ ಮತ್ತೆ ಎದೆ ತೆರೆಯಬೇಕು ಅಂದರು. ಕರಗುವಾಗ ಚೂರು ಹಾರಿದರೆ ಏನಾಗಬಹುದು ಅನ್ನುವುದಕ್ಕೂ ಸಹಿ ಹಾಕಿಸಿಕೊಂಡರು. ಕೊರಟಗೆರೆಯಿಂದ ಓಡಿ ಬಂದ ಹೆಂಡತಿ ಸಹಿ ಹಾಕುವಾಗ ನನ್ನ ಕಡೆ ನೋಡಲಿಲ್ಲ.

ಕರಗಿತು. ಎರಡನೇ ದಿನ ಮಧ್ಯಾಹ್ನ, ಪಕ್ಕದ ಯಂತ್ರಗಳ ಕೀ ಕೀ ನಡುವೆ, ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ ನನ್ನ ಕಾವಲುಗಾರನ ಬೂಟು ಕೇಳಿಸಿತು. ಯಾರ ಹೆಜ್ಜೆಯ ಸದ್ದೂ ನನಗೆ ಅಷ್ಟು ಪ್ರಿಯವಾಗಿ ಕೇಳಿಲ್ಲ.

ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಾಸಿಗೆ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಎರಡು ತಿಂಗಳಿಂದ ಏನೇನು ಊಟ ಮಾಡಿದ್ದೀರಿ ಅಂತ ಸಮಾಧಾನದಿಂದ ಕೇಳಿದರು. ಈ ಸಲ ಹೇಳಿದೆ. ಚೀಲ, ಎಮ್ಮೆ, ಮಸ್ಸೊಪ್ಪು, ಐದು ದಿನದ ತಿಳಿಸಾರು, ಎಲ್ಲ. ಅವರು ಬರೆಯುವುದು ನಿಲ್ಲಿಸಿ ಕೇಳಿದರು.

"ಟೆಸ್ಟಿಗೆ ಮುಂಚೆ ಯಾಕೆ ಬಿಡ್ತಿದ್ರಿ?"

"ರಿಪೋರ್ಟು ಚೆನ್ನಾಗಿ ಬರ್ಲಿ ಅಂತ ಮೇಡಂ."

ಅವರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ನೀವು ಸೊಪ್ಪು ತಿನ್ನದಿರೋ ದಿನದ ರಕ್ತ ನೋಡಿ ಮಧುಗಿರಿ ಡಾಕ್ಟರು ಮಾತ್ರೆ ಇಳಿಸಿದ್ದಾರೆ, ನೀವು ಅದನ್ನ ಸೊಪ್ಪು ತಿನ್ನೋ ದಿನಗಳಲ್ಲಿ ನುಂಗಿದ್ದೀರಿ ಅಂದರು. ಸೊಪ್ಪು ತಪ್ಪಲ್ಲ, ಅದು ಎಲ್ಲರಿಗಿಂತ ನಿಮ್ಮ ರಕ್ತನಾಳಕ್ಕೇ ಬೇಕು. ದಿನಾ ಒಂದು ಸಣ್ಣ ಬಟ್ಟಲು, ಬೇಯಿಸಿದ್ದು, ಟೆಸ್ಟಿನ ಹಿಂದಿನ ದಿನವೂ ಅಷ್ಟೇ, ಹಬ್ಬದ ದಿನವೂ ಅಷ್ಟೇ, ಆ ಊಟಕ್ಕೆ ಸರಿಯಾಗಿ ಮಾತ್ರೆ ಕೂರಿಸೋಣ ಅಂದರು. ಸೊನ್ನೆ ಯಾಕೆ ಆಗಲ್ಲ ಅಂತ ನನ್ನ ಸೂತ್ರ ಮುಂದಿಟ್ಟೆ. ಏನೂ ತಿನ್ನದ ಮೈಯಲ್ಲಿ ಒಂದು ತುತ್ತು ಸೊಪ್ಪೂ ದೊಡ್ಡ ಗಲಾಟೆ ಮಾಡುತ್ತೆ, ದಿನಾ ಸ್ವಲ್ಪ ಇದ್ದರೆ ಅಲ್ಲಾಡೋದು ಕಡಿಮೆ ಅಂದರು. ಪಾಠ ಅರ್ಥವಾಯಿತಾ ಅಂತ ಕೇಳಲಿಲ್ಲ. ಮೇಷ್ಟ್ರಲ್ಲವಲ್ಲ.

ಕಾರಿಡಾರಿನಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳಂತೆ. ಸೊಪ್ಪು ಅನ್ನುವ ಮಾತು ಅವಳ ಕಿವಿಗೆ ಬಿದ್ದಿತ್ತು. ಒಳಗೆ ಬಿಟ್ಟಾಗ ಬಂದು ಮಂಚದ ಕಂಬಿ ಹಿಡಿದು ನಿಂತಳು.

"ನಾನೇ ಇಕ್ಕಿ ನಾನೇ ಕೊಂದ್ಬುಡ್ತಿದ್ನಲ್ಲೋ."

ಹಾಗಲ್ಲ ಕಣಕ್ಕ ಅಂತ ಡಾಕ್ಟರಮ್ಮ ಹೇಳಿದ್ದನ್ನು ನನಗೆ ಬಂದಷ್ಟು ಹೇಳಿದೆ. ತಿನ್ನಬೇಕು, ಆದರೆ ಒಂದೇ ಸಮ ಅಂದೆ. ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡು, ಸೆರಗಿನಿಂದ ಕಂಬಿ ಒರೆಸುತ್ತಾ ನಿಂತಳು. ಅದರ ಮೇಲೆ ಧೂಳಿರಲಿಲ್ಲ.

ಊರಿಗೆ ಬಂದ ಮೇಲೆ ಕೆಲವು ತಿಂಗಳು ಚೀಲ ನಿಂತಿತು. ಎಂಟೂವರೆ ಬಸ್ಸು ಬರುತ್ತಿತ್ತು, ಡ್ರೈವರ್ ಸೀಟಿನ ಹಿಂದೆ ಖಾಲಿ. ಅಕ್ಕಾರು ಕ್ವಾಪ ಮಾಡ್ಕಂಡವ್ರಾ ಮೇಷ್ಟ್ರೇ ಅಂತ ಕಂಡಕ್ಟರು ಕೇಳಿದ. ಹೆಂಡತಿ ಸಂತೆಯ ದಂಟು, ಮೆಂತ್ಯ ತಂದು ಬೇಯಿಸಿ, ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ಅಂಚಿನವರೆಗೆ ತುಂಬಿ ದಿನಾ ಮುಂದಿಡುತ್ತಾಳೆ. ಈಗ ಅದು ನನ್ನ ಹೊಸ ಸೆರೆ. ಹಸಿವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮದುವೆ ಮನೆಗೆ ಹೋದರೆ ಡಬ್ಬಿ ಬ್ಯಾಗಿನಲ್ಲಿ. ಅಂಕಿ ಮಾತ್ರ ತಿಂಗಳು ತಿಂಗಳೂ ಓಣಿಯ ನಡುವೆ ಒಳ್ಳೆ ಮಗುವಿನ ಹಾಗೆ ಕೂತಿದೆ. ಐದು ದಿನದ ತಯಾರಿ ನಿಲ್ಲಿಸಿದ್ದೇನೆ. ಲ್ಯಾಬಿಗೆ ಹೋಗುವಾಗ, ಗುಡಿಸದ ಅಂಗಳಕ್ಕೆ ಸಾಹೇಬರನ್ನು ಕರೆದಂತೆ ಈಗಲೂ ಅನಿಸುತ್ತದೆ.

ಅಕ್ಕನ ಮನೆಗೆ ಹೋದರೆ ಆಲೂಗೆಡ್ಡೆ ಸಾರು. ಎರಡು ಸಲ ಹೋದೆ, ಎರಡು ಸಲವೂ ಆಲೂಗೆಡ್ಡೆ. ಹಿತ್ತಲ ನುಗ್ಗೆಮರದ ಕೆಳಗೆ ಎಲೆ ಉದುರಿ ಬಿದ್ದಿತ್ತು, ಅವಳು ಅದನ್ನು ತುಳಿದುಕೊಂಡು ಓಡಾಡುತ್ತಿದ್ದಳು. ತಾನೂ ತಿನ್ನುವುದು ಬಿಟ್ಟಿದ್ದಾಳೆ ಅಂತ ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮೂರನೇ ಸಲ ನಾನು ಡಬ್ಬಿಯನ್ನೇ ಒಯ್ದೆ. ಬಟ್ಟಲು ಅದರೊಳಗೆ, ಹೆಂಡತಿಯ ದಂಟಿನ ಪಲ್ಯ ಬಟ್ಟಲೊಳಗೆ. ಒಡಹುಟ್ಟಿದವಳ ಮನೆಗೆ ಊಟ ಕಟ್ಟಿಕೊಂಡು ಹೋದವನು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು. ತಟ್ಟೆ ಮುಂದೆ ಕೂತು ಅದನ್ನು ಹೊರಗೆ ತೆಗೆದಾಗ ಅಕ್ಕ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

"ನಮ್ಮನೇಗೆ ಬುತ್ತಿ ಕಟ್ಕಂಡ್ ಬಂದ್ಯಾ?"

"ನೀನು ಇಕ್ಕಲ್ವಲ್ಲಕ್ಕ. ಇಷ್ಟು ತಿನ್ನದಿದ್ರೆ ಮತ್ತೆ ಕೆಡುತ್ತೆ."

ಅವಳು ಬಟ್ಟಲು ಎತ್ತಿಕೊಂಡಳು. ಬೆರಳಲ್ಲಿ ಸ್ವಲ್ಪ ಮುಟ್ಟಿ ನಾಲಿಗೆಗಿಟ್ಟು ಮುಖ ಕಿವುಚಿದಳು. ಬಟ್ಟಲು ಹಿಡಿದೇ ಹಿತ್ತಲಿಗೆ ಹೋದಳು. ಆ ಪಲ್ಯ ಯಾರ ಪಾಲಾಯಿತೋ, ಕೋಳಿಗಳ ಸದ್ದು ಕೇಳಿಸಿತು.

ತುಂಬಾ ಹೊತ್ತಾಯಿತು. ನುಗ್ಗೆ ಕೊಂಬೆ ಎಳೆದದ್ದು, ಒಲೆ ಊದಿದ್ದು, ಕಲ್ಲಿನ ಮೇಲೆ ಬೆಳ್ಳುಳ್ಳಿ ಜಜ್ಜಿದ್ದು, ಎಲ್ಲವನ್ನೂ ಕೂತಲ್ಲೇ ಕೇಳಿಸಿಕೊಂಡೆ. ಅವಳು ಬಂದಾಗ ಒಂದು ಕೈಯಲ್ಲಿ ಪಾತ್ರೆ, ಒಂದು ಕೈಯಲ್ಲಿ ನನ್ನ ಬಟ್ಟಲು. ಬಟ್ಟಲಿಗೆ ಸೊಪ್ಪು ಬಡಿಸಿ, ಅಂಚಿನಿಂದ ಮೇಲೆ ನಿಂತದ್ದನ್ನು ಬೆರಳಿನಿಂದ ಸವರಿ ಪಾತ್ರೆಗೆ ವಾಪಸ್ಸು ಹಾಕಿದಳು. ನನ್ನ ಮುಂದಿಟ್ಟಳು. ಆಮೇಲೆ ಬಂದು ನನ್ನ ಪಕ್ಕದಲ್ಲೇ, ಎದೆಯ ಕಡೆ ಕಿವಿ ಮಾಡಿಕೊಂಡು ಕೂತಳು.

ತಿಂದೆ. ಕೊನೆಯ ತುತ್ತಿಗೆ ಬಟ್ಟಲನ್ನು ಬೆರಳಿಂದ ಬಳಿದೆ. ಬಾಯಿ ಇನ್ನೂ ಕೇಳುತ್ತಿತ್ತು. ಅಭ್ಯಾಸದ ಕೈ, ಅಕ್ಕ ಸೌಟಿನಲ್ಲಿ ಸೊಪ್ಪು ತುಂಬಿ ನನ್ನ ತಟ್ಟೆಯ ಮೇಲಕ್ಕೆ ತಂದಳು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅವಳು ಸುರಿದಿದ್ದರೆ ಬೇಡ ಅನ್ನುತ್ತಿರಲಿಲ್ಲವೇನೋ. ಸೌಟು ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು, ಅಂಚಿನಿಂದ ಹಸಿರು ನೀರಿನ ಒಂದು ಹನಿ ಬಿತ್ತು. ಒಳಗೆ ಟಿಕ್, ಟಿಕ್ ಅನ್ನುತ್ತಿತ್ತು, ಇಬ್ಬರಿಗೂ ಕೇಳುತ್ತಿತ್ತು.

"ಸಾಕು, ಕೈ ತೊಳ್ಕೊ," ಅಂದಳು ಅಕ್ಕ, ಸೌಟನ್ನು ಪಾತ್ರೆಗೆ ವಾಪಸ್ಸು ಇಡುತ್ತಾ. ಅವಳ ಬಾಯಲ್ಲಿ ಸಾಕು ಅನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು.